ಸೋಪಿನ ಅಚ್ಚು, ಸಿಲಿಕಾದ ಗೋಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿಶ್ವವಿದ್ಯಾಲಯದ ಸಂಶೋಧಕರು ಸೋಪಿನಂತಹ ವಸ್ತುವನ್ನು ಅಚ್ಚಾಗಿ ಬಳಸಿ ನ್ಯಾನೊ ಅಳತೆಯ ರಂಧ್ರಗಳಿರುವ ಸೆರಾಮಿಕ್ ತಯಾರಿಸುತ್ತಾರೆಂದು ಮಗಳ ಎಂ.ಎಸ್ಸಿ. ಪಠ್ಯದಲ್ಲಿ ಓದಿದೆ. ಜೊತೆಗಿದ್ದ ಚಿತ್ರ ನಮ್ಮ ತೋಟದ ಜೇನುಹುಟ್ಟಿನಂತೆಯೇ ಇತ್ತು. ನೀರಿನಲ್ಲಿ ಕರಗುವ ಸೋಪು ಗಟ್ಟಿ ಪದಾರ್ಥಕ್ಕೆ ಅಚ್ಚಾಗುವುದು ಹೇಗೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಕಂಚಿನ ವಿಗ್ರಹ ಎರಕ ಹೊಯ್ಯುವವರು ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಅದರ ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಡುತ್ತಾರೆ, ಮಣ್ಣಿನೊಳಗೆ ಮೂರ್ತಿಯ ಆಕಾರದ ಟೊಳ್ಳು ಉಳಿಯುತ್ತದೆ. ಇಲ್ಲಿ ಮೇಣದ ಕೆಲಸವನ್ನು ಸೋಪಿನ ಜಾತಿಯ ಅಣುಗಳು, ಅಂದರೆ ಸರ್ಫ್ಯಾಕ್ಟೆಂಟ್‌ಗಳು ಮಾಡುತ್ತವೆ. ಆದರೆ ಮೇಣದ ಮೂರ್ತಿಯನ್ನು ಶಿಲ್ಪಿ ಕೈಯಿಂದ ತಿದ್ದಬೇಕು; ಈ ಅಣುಗಳಾದರೋ ತಾವಾಗಿಯೇ ಕೂಡಿಕೊಂಡು ಅಚ್ಚಾಗುತ್ತವೆ. ನನಗೆ ಈ ವಿಷಯದಲ್ಲಿ ಇಂದಿಗೂ ಬೆರಗು ಹುಟ್ಟಿಸುವುದು ಇದೇ.

ಸರ್ಫ್ಯಾಕ್ಟೆಂಟ್ ಅಣುವಿನ ತಲೆಗೆ ನೀರೆಂದರೆ ಪ್ರೀತಿ, ಬಾಲಕ್ಕೆ ನೀರು ಆಗದು. ಈ ಕೆಲಸದಲ್ಲಿ ಬಹಳವಾಗಿ ಬಳಕೆಯಾಗುವ ಸಿಟಿಎಬಿ ಎಂಬ ವಸ್ತುವಿನಲ್ಲಿ ಬಾಲವೆಂದರೆ ಹದಿನಾರು ಇಂಗಾಲದ ಪರಮಾಣುಗಳ ಸರಪಳಿ, ತಲೆಯೆಂದರೆ ಧನ ವಿದ್ಯುದಂಶವುಳ್ಳ ಒಂದು ಗುಂಪು. ನೀರಿನಲ್ಲಿ ಇದರ ಪ್ರಮಾಣ ಒಂದು ಮಿತಿಯನ್ನು ದಾಟಿದೊಡನೆ ಅಣುಗಳು ಬಾಲಗಳನ್ನು ಒಳಗೆ ಅಡಗಿಸಿ, ತಲೆಗಳನ್ನು ಹೊರಗೆ ಮಾಡಿ ಗುಂಪುಗೂಡುತ್ತವೆ. ಈ ಗುಂಪಿಗೆ ಮೈಸೆಲ್ ಎಂದು ಹೆಸರು. ಇಂತಹ ಕ್ಷಾರೀಯ ದ್ರಾವಣಕ್ಕೆ ಸಿಲಿಕೇಟ್ (ಮರಳಿನ ಮುಖ್ಯ ವಸ್ತುವಾದ ಸಿಲಿಕಾದಿಂದ ಬರುವ ಲವಣ) ಬೆರೆಸಿದರೆ, ಋಣ ವಿದ್ಯುದಂಶವುಳ್ಳ ಸಿಲಿಕೇಟ್ ಅಯಾನುಗಳು ಆ ತಲೆಗಳಿಗೆ ಅಂಟಿಕೊಂಡು, ಒಂದಕ್ಕೊಂದು ಬೆಸೆದು, ಉದ್ದನೆಯ ಮೈಸೆಲ್‌ಗಳ ಸುತ್ತ ಗೋಡೆ ಕಟ್ಟುತ್ತವೆ. ಬಿದಿರಿನ ಗಳಗಳನ್ನು ಕಂತೆ ಕಟ್ಟಿದಾಗ ಪ್ರತಿ ಗಳದ ಸುತ್ತ ಆರು ಗಳಗಳು ಒತ್ತಿ ನಿಲ್ಲುವಂತೆ ಈ ಕೊಳವೆಗಳೂ ಆರು ಮೂಲೆಯ ಜೋಡಣೆಗೆ ಬರುತ್ತವೆ. ನಿಮಗೆ ಜೇನುಹುಟ್ಟು ಕಂಡದ್ದು ಆ ಕಂತೆಯ ಅಡ್ಡ ಸೀಳಿಕೆಯಲ್ಲಿ. ಕೊನೆಗೆ ಪುಡಿಯನ್ನು ಸೋಸಿ ಒಣಗಿಸಿ ಸುಮಾರು 540 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಟ್ಟರೆ ಸರ್ಫ್ಯಾಕ್ಟೆಂಟ್ ಉರಿದುಹೋಗಿ, ಅದಿದ್ದ ಜಾಗದಲ್ಲಿ ರಂಧ್ರ ಉಳಿಯುತ್ತದೆ.

ರಂಧ್ರಗಳು ನಮ್ಮ ಮನೆಗಳ ಹೆಂಚಿನಲ್ಲಿಯೂ ಇವೆ. ಮಳೆಗಾಲದಲ್ಲಿ ಹೆಂಚು ನೀರು ಹೀರಿ ಪಾಚಿ ಕಟ್ಟುವುದಕ್ಕೆ ಅವೇ ಕಾರಣ. ಆದರೆ ಅಲ್ಲಿ ದೊಡ್ಡದು, ಸಣ್ಣದು, ವಕ್ರವಾದದ್ದು, ಬಾಯಿ ಮುಚ್ಚಿದ್ದು ಎಲ್ಲವೂ ಬೆರೆತಿರುತ್ತವೆ. ಸರ್ಫ್ಯಾಕ್ಟೆಂಟ್ ಅಚ್ಚಿನ ಸಿಲಿಕಾದಲ್ಲಿ ಎಲ್ಲ ಕೊಳವೆಗಳ ಅಗಲವೂ ಹೆಚ್ಚುಕಡಿಮೆ ಒಂದೇ. ಸಿಟಿಎಬಿ ಬಳಸಿದಾಗ ಅದು 3ರಿಂದ 4 ನ್ಯಾನೊಮೀಟರ್; ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೊಮೀಟರ್‌ಗಳಿರುತ್ತವೆ ಎಂಬುದನ್ನು ನೆನಪಿಟ್ಟರೆ ಈ ಅಳತೆಯ ಸೂಕ್ಷ್ಮತೆ ತಿಳಿದೀತು. ಕೊಳವೆಗಳ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಬಹುದಾಗಿದ್ದರೆ ಒಂದು ಗ್ರಾಂ ಪುಡಿಯಿಂದ ಸುಮಾರು 1000 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಅಂದರೆ ನಾಲ್ಕು ಗ್ರಾಂ ಪುಡಿಯಲ್ಲಿ ಹೆಚ್ಚುಕಡಿಮೆ ಒಂದು ಎಕರೆ ತೋಟದಷ್ಟು ಜಾಗ.

ಪ್ರಶ್ನೆ: ಇದನ್ನು ಕಂಡುಹಿಡಿದದ್ದು ಕಂಪನಿಯೋ, ವಿಶ್ವವಿದ್ಯಾಲಯವೋ?
– ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಜಪಾನಿನ ವಸೇದಾ ವಿಶ್ವವಿದ್ಯಾಲಯದ ತಂಡ 1990ರಲ್ಲಿಯೇ, ಪದರ ಪದರವಾಗಿರುವ ಸಿಲಿಕೇಟ್‌ನ ನಡುವೆ ಸರ್ಫ್ಯಾಕ್ಟೆಂಟ್ ತೂರಿಸಿ ಇಂತಹ ರಂಧ್ರಗಳನ್ನು ಪಡೆದಿತ್ತು. 1992ರಲ್ಲಿ ಮೊಬಿಲ್ ತೈಲ ಕಂಪನಿಯ ಸಂಶೋಧಕರು ಎಂಸಿಎಂ-41 ಎಂಬ, ಮೇಲೆ ವಿವರಿಸಿದ ಸಿಲಿಕಾವನ್ನು ಪ್ರಕಟಿಸಿದಾಗ ಜಗತ್ತಿನ ಪ್ರಯೋಗಾಲಯಗಳೆಲ್ಲ ಇತ್ತ ತಿರುಗಿದವು. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಬಳಸುವ, ಜಿಯೋಲೈಟ್ ಎಂಬ ಗಟ್ಟಿ ಪದಾರ್ಥಗಳ ರಂಧ್ರಗಳು ಬಹುಪಾಲು ಒಂದು ನ್ಯಾನೊಮೀಟರಿಗಿಂತ ಕಿರಿದಾಗಿರುವುದರಿಂದ ದೊಡ್ಡ ಅಣುಗಳು ಅವುಗಳ ಒಳಗೆ ಹೋಗಲಾರವು. ತೈಲ ಕಂಪನಿಗೆ ಈ ವಿಷಯದಲ್ಲಿ ಆಸಕ್ತಿಯಿದ್ದದ್ದು ಆ ಕಾರಣಕ್ಕೆ.

ಆದರೆ ಎಂಸಿಎಂ-41ರ ಗೋಡೆಗಳು ಸುಮಾರು ಒಂದು ನ್ಯಾನೊಮೀಟರಿನಷ್ಟೇ ದಪ್ಪವಾದ್ದರಿಂದ ಬಿಸಿನೀರು, ಹಬೆಗಳಿಗೆ ಕುಸಿದುಬೀಳುತ್ತಿದ್ದವು. ಈ ಕೊರತೆಯನ್ನು ನೀಗಿದ್ದು 1998ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯ ತಂಡ. ಜಾವೊ ಡಾಂಗ್‌ಯುವಾನ್, ಗೇಲನ್ ಸ್ಟಕಿ, ಬ್ರಾಡ್ಲಿ ಚ್ಮೆಲ್ಕಾ ಮತ್ತು ಸಂಗಡಿಗರು ಸಣ್ಣ ಸರ್ಫ್ಯಾಕ್ಟೆಂಟ್ ಅಣುವನ್ನು ಬಿಟ್ಟು ಪಿ123 ಎಂಬ ಪಾಲಿಮರನ್ನು (ಉದ್ದನೆಯ ಸರಪಳಿಯಂತಹ ಅಣುವನ್ನು) ಆರಿಸಿಕೊಂಡರು. ಎರಡು ತುದಿಗಳಲ್ಲಿ ನೀರು ಬಯಸುವ, ನಡುವೆ ನೀರು ಒಲ್ಲದ ಭಾಗಗಳಿರುವ ಈ ಪಾಲಿಮರಿಗೆ ವಿದ್ಯುದಂಶವಿಲ್ಲ. ದ್ರಾವಣವೂ ಕ್ಷಾರೀಯವಲ್ಲ, ಆಮ್ಲೀಯ. ಹೀಗೆ ದೊರೆತ, ಎಸ್‌ಬಿಎ-15 ಎಂಬ ಸಿಲಿಕಾದ ಗೋಡೆಗಳು 3ರಿಂದ 6 ನ್ಯಾನೊಮೀಟರ್ ದಪ್ಪ. ರಂಧ್ರಗಳನ್ನೂ ಸುಮಾರು 30 ನ್ಯಾನೊಮೀಟರ್‌ವರೆಗೆ ಹಿಗ್ಗಿಸಬಹುದು. ಪಾಲಿಮರ್ ಅಗ್ಗದ್ದು, ದ್ರಾವಣಕ್ಕೆ ಬೇಕಾದ ಶಾಖವೂ ನಲವತ್ತು ಡಿಗ್ರಿಯ ಆಸುಪಾಸಿನಿಂದಲೇ ಸಾಕು. ಮೊದಲು ಕಂಡವರ ಹೆಸರು ದೊಡ್ಡದೇ, ಆದರೆ ಈ ಪದಾರ್ಥವನ್ನು ಸಾಮಾನ್ಯ ಕಾಲೇಜಿನ ಪ್ರಯೋಗಾಲಯದವರೂ ತಯಾರಿಸಬಹುದಾದ ಮಟ್ಟಕ್ಕೆ ತಂದ ಶ್ರೇಯಸ್ಸನ್ನು ನಾನು ಸಾಂಟಾ ಬಾರ್ಬರಾದವರಿಗೇ ಕೊಡುತ್ತೇನೆ.

ಪ್ರಶ್ನೆ: ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು) ಮಾಡಿದ ನೀರು ಹೊಳೆ ಸೇರದಂತೆ ನೋಡಿಕೊಳ್ಳುವುದೇ ನಮಗೆ ದೊಡ್ಡ ಚಿಂತೆಯಾಗಿದೆ. ಒಂದು ಗ್ರಾಂನಲ್ಲಿ ಇಷ್ಟೊಂದು ಮೇಲ್ಮೈ ಇರುವ ಪುಡಿಯಿಂದ ಆ ನೀರನ್ನು ಶುದ್ಧಗೊಳಿಸಲು ಸಾಧ್ಯವಿಲ್ಲವೇ?
– ಕಾಫಿ ಬೆಳೆಗಾರರು, ಪೊನ್ನಂಪೇಟೆ

ಉತ್ತರ: ಲಕ್ಷ್ಮಣತೀರ್ಥ ಹೊಳೆಯ ನೀರಿನ ಬಗ್ಗೆ ನಿಮಗಿರುವ ಕಾಳಜಿಯನ್ನು ಗೌರವಿಸಿಯೇ ಹೇಳುತ್ತೇನೆ: ಈ ಕೆಲಸಕ್ಕೆ ಈ ಪುಡಿ ಬೇಡ. ಪಲ್ಪಿಂಗ್ ನೀರಿನಲ್ಲಿರುವುದು ಹಣ್ಣಿನ ಸಕ್ಕರೆ, ಲೋಳೆಯ ಪೆಕ್ಟಿನ್, ಹುಳಿತಾಗ ಹುಟ್ಟುವ ಆಮ್ಲಗಳು, ಅದೂ ಭಾರಿ ಪ್ರಮಾಣದಲ್ಲಿ. ಪೆಕ್ಟಿನ್ನಿನ ಉದ್ದನೆಯ ಅಣುಗಳು ರಂಧ್ರದ ಬಾಯನ್ನೇ ಮುಚ್ಚುತ್ತವೆ. ಸಕ್ಕರೆಗೆ ಬರಿಯ ಸಿಲಿಕಾದ ಗೋಡೆಯ ಮೇಲೆ ಅಂತಹ ಸೆಳೆತವಿಲ್ಲ. ಕಿಲೋಗಟ್ಟಲೆ ದುಬಾರಿ ಪುಡಿ ಸುರಿದರೂ ನೀರು ಹುಳಿಯಾಗಿಯೇ ಉಳಿಯುತ್ತದೆ. ಸುಣ್ಣ ಹಾಕಿ ಹುಳಿ ಇಳಿಸಿ, ಮೊದಲು ಗಾಳಿಯಿಲ್ಲದ ಹೊಂಡದಲ್ಲಿ, ಆಮೇಲೆ ಗಾಳಿಯಾಡುವ ಹೊಂಡದಲ್ಲಿ ಸೂಕ್ಷ್ಮಜೀವಿಗಳಿಂದ ಜೀರ್ಣ ಮಾಡಿಸುವ ಕ್ರಮವೇ ಇದಕ್ಕೆ ತಕ್ಕದ್ದು. ನಿಮ್ಮ ತೋಟದ ಅಳತೆಗೆ ಹೊಂಡ ಎಷ್ಟಿರಬೇಕೆಂದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ.

ಈ ಪದಾರ್ಥದ ನಿಜವಾದ ಬಲವಿರುವುದು ಅತಿ ಕಡಿಮೆ ಪ್ರಮಾಣದಲ್ಲಿದ್ದೂ ಅತಿ ಅಪಾಯಕಾರಿಯಾದ ವಸ್ತುಗಳನ್ನು ಹಿಡಿಯುವಲ್ಲಿ. 1997ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ರಂಧ್ರಗಳ ಒಳಗೋಡೆಗೆ ಗಂಧಕವುಳ್ಳ ಥಯೋಲ್ ಗುಂಪುಗಳನ್ನು ನೆಟ್ಟು, ನೀರಿನಲ್ಲಿದ್ದ ಪಾದರಸವನ್ನು ಹಿಡಿದು ತೋರಿಸಿದರು. ಪಾದರಸಕ್ಕೆ ಗಂಧಕದ ಮೇಲಿರುವ ಬಿಡದ ಸೆಳೆತ ಅಲ್ಲಿ ಕೆಲಸ ಮಾಡುತ್ತದೆ. ಅಗಲವಾದ ರಂಧ್ರ, ಅದರ ಗೋಡೆಗೆ ನಾವು ಬೇಕೆಂದೇ ನೆಟ್ಟ ಕೊಕ್ಕೆ, ಈ ಎರಡೂ ಸೇರಿದಾಗ ಮಾತ್ರ ದೊಡ್ಡ ಮೇಲ್ಮೈಗೆ ಬೆಲೆ ಬರುತ್ತದೆ.

ಪ್ರಶ್ನೆ: ಅಂಟುವಾಳದ ನೊರೆಯಿಂದ ಅಚ್ಚು, ಭತ್ತದ ಹೊಟ್ಟಿನಿಂದ ಸಿಲಿಕಾ ಮಾಡಿ ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಇದನ್ನು ತಯಾರಿಸಬಹುದೇ?
– ಶಿಕ್ಷಕರು, ಶನಿವಾರಸಂತೆ

ಉತ್ತರ: ಹೊಟ್ಟಿನ ವಿಚಾರ ಸರಿಯಾಗಿದೆ. ಭತ್ತದ ತೂಕದ ಸುಮಾರು ಐದನೆಯ ಒಂದು ಪಾಲು ಹೊಟ್ಟು. ಅದನ್ನು ಸುಟ್ಟಾಗ ಬರುವ ಬೂದಿಯ ಬಹುಭಾಗ ಸಿಲಿಕಾ. ಹೊಟ್ಟನ್ನು ಮೊದಲು ಆಮ್ಲದಲ್ಲಿ ತೊಳೆದು ಪೊಟ್ಯಾಸಿಯಮ್ಮನ್ನು ತೆಗೆದು, ಮಿತವಾದ ಶಾಖದಲ್ಲಿ ಸುಟ್ಟು, ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದರೆ ಸೋಡಿಯಂ ಸಿಲಿಕೇಟ್ ದೊರೆಯುತ್ತದೆ. ಅದರಿಂದ ಎಂಸಿಎಂ-41 ತಯಾರಿಸಿದ ಸಂಶೋಧಕರು ಅನೇಕರಿದ್ದಾರೆ. ಅಂಟುವಾಳದಲ್ಲಿ ನೊರೆ ಕೊಡುವ ಸಪೋನಿನ್‌ಗಳೂ ಮೈಸೆಲ್ ಕಟ್ಟುತ್ತವೆ, ಆದರೆ ಅವು ಹಲವು ಬಗೆಯ ಅಣುಗಳ ಮಿಶ್ರಣವಾದ್ದರಿಂದ ರಂಧ್ರಗಳಲ್ಲಿ ಒಂದೇ ಅಳತೆಯನ್ನು ನಿರೀಕ್ಷಿಸುವುದು ಕಷ್ಟ.

ಮಕ್ಕಳ ಕೈಯಲ್ಲಿ ಮಾತ್ರ ಇದನ್ನು ಮಾಡಿಸಬೇಡಿ. ಬಿಸಿ ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ನುಣ್ಣನೆಯ ಸಿಲಿಕಾ ದೂಳು ಉಸಿರಿನೊಂದಿಗೆ ಒಳಗೆ ಹೋಗಬಾರದು. ಸಿಟಿಎಬಿ ಬೆರೆತ ನೀರನ್ನು ಚರಂಡಿಗೆ ಬಿಟ್ಟರೆ ತೋಡಿನ ಮೀನುಗಳಿಗೆ ವಿಷ. ಮೇಳಕ್ಕೆ ಇದರ ದೊಡ್ಡ ಮಾದರಿಯಾಗಿ ಒಂದೇ ದಪ್ಪದ ಕಾಗದದ ಕೊಳವೆಗಳನ್ನು ಕಂತೆ ಕಟ್ಟಿ, ನಡುವಿನ ಸಂದುಗಳಿಗೆ ತೆಳುವಾಗಿ ಕಲಸಿದ ಜಿಪ್ಸಮ್ ಪ್ಲಾಸ್ಟರ್ ಹೊಯ್ದು, ಅದು ಗಟ್ಟಿಯಾದ ಮೇಲೆ ಎರಡು ದಿನ ನೀರಿನಲ್ಲಿ ನೆನೆಸಿ ಕಾಗದವನ್ನು ಕಿತ್ತು ತೆಗೆಯಲು ಹೇಳಿ. ಕೊಳವೆಗಳಿಗೆ ಮೊದಲೇ ಎಣ್ಣೆ ಸವರಿದ್ದರೆ ಕಾಗದ ಸುಲಭವಾಗಿ ಬಿಟ್ಟುಬರುತ್ತದೆ.