ಬೆಳಗಿನ ಜಾವದ ಕೆಟ್ಟ ಕನಸು

ನಿಮ್ಮ ಪತ್ರದ ಸಾರ ಇಷ್ಟು. ಕೆಲವು ವಾರಗಳಿಂದ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿದೆ. ಅಣ್ಣ ನೀರಿನಲ್ಲಿ ಮುಳುಗುತ್ತಿದ್ದಾನೆ, ನೀವು ದಡದಲ್ಲಿದ್ದೀರಿ. ಕೂಗಬೇಕು, ದನಿ ಹೊರಡುವುದಿಲ್ಲ. ಓಡಬೇಕು, ಕಾಲು ಏಳುವುದಿಲ್ಲ. ಬೆವತು ಎಚ್ಚರವಾದಾಗ ಗಂಟೆ ಐದರ ಆಸುಪಾಸು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ಯಾರೋ ಹೇಳಿದ್ದು ಬೇರೆ ತಲೆಯಲ್ಲಿ ಕೂತಿದೆ. ಅಣ್ಣನಿಗೆ ಹೇಳಲೋ ಬೇಡವೋ ಎಂದು ಕೇಳಿದ್ದೀರಿ. ಕೊನೆಯಲ್ಲಿ ನಿಮ್ಮ ಯಜಮಾನರ ಬಗ್ಗೆಯೂ ಎರಡು ಸಾಲು ಸೇರಿಸಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಐದು ಗಂಟೆಯ ವಿಷಯ. ನಿಮ್ಮ ಅರ್ಧ ಭಯ ಇರುವುದು ಅಲ್ಲೇ. ನಾವು ರಾತ್ರಿಯಿಡೀ ಒಂದೇ ಥರ ನಿದ್ದೆ ಮಾಡುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತು. ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯ ಅಡಿಯಲ್ಲಿ ಕಣ್ಣುಗುಡ್ಡೆ ಸರಸರನೆ ಓಡಾಡುವ ಹಂತ ಬರುತ್ತದೆ. ಇದೇ ರೆಮ್ ನಿದ್ದೆ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಇದರ ಬಗ್ಗೆ ಬರೆದರು. ಆ ಹೊತ್ತಿನಲ್ಲಿ ಎಬ್ಬಿಸಿದಾಗ ಬಹಳ ಸಲ ಜನ ಕನಸು ಹೇಳುತ್ತಿದ್ದರು. ರಾತ್ರಿಯ ಮೊದಲ ಸುತ್ತಿನಲ್ಲಿ ರೆಮ್ ಕೆಲವೇ ನಿಮಿಷ. ಬೆಳಗಾಗುತ್ತಾ ಬಂದಂತೆ ಅದು ಉದ್ದವಾಗುತ್ತಾ ಹೋಗುತ್ತದೆ. ಹಾಗಾಗಿ ಕಥೆಯಂತೆ ಸಾಗುವ, ಎದೆ ನಡುಗಿಸುವ ಕನಸುಗಳು ಜಾಸ್ತಿ ಬೀಳುವುದೇ ಜಾವದಲ್ಲಿ. ಆಗಲೇ ಎಚ್ಚರವೂ ಆಗುವುದರಿಂದ ನೆನಪಿನಲ್ಲಿ ಉಳಿಯುವುದೂ ಅವೇ. ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ಎರಡು ಸಾವಿರ ವರ್ಷಗಳ ಹಿಂದಿನ ರೋಮನ್ನರಿಗೂ ಇತ್ತು. ನಿಜವಾದ ಒಂದು ಕನಸನ್ನು ಜನ ಜೀವನವಿಡೀ ಹೇಳಿಕೊಂಡು ಓಡಾಡುತ್ತಾರೆ. ಸುಳ್ಳಾದ ನೂರು ಕನಸುಗಳು ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಮರೆತುಹೋಗಿರುತ್ತವೆ, ಅಲ್ವಾ?

ಈ ರೆಮ್ ಹಂತದಲ್ಲಿ ಮಿದುಳು ಕೈಕಾಲಿನ ಸ್ನಾಯುಗಳನ್ನು ಪೂರ್ತಿ ಸಡಿಲ ಬಿಟ್ಟಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರೆಲ್ಲ ಮಂಚದಿಂದ ಕೆಳಗೆ ಬೀಳಬೇಕಿತ್ತು. ಭಯ ಹುಟ್ಟಿಸುವ ಅಮಿಗ್ಡಲಾ ಎಂಬ ಭಾಗ ಆಗ ಚುರುಕು. ‘ತಾಳು, ಇದು ಹೇಗೆ ಸಾಧ್ಯ?’ ಎಂದು ಕೇಳುವ ಹಣೆಯ ಹಿಂದಿನ ಭಾಗ ಮಂಕು. ಹಾಗಾಗಿ ಎಂಥ ಅಸಂಬದ್ಧವನ್ನೂ ನಂಬಿ ನಡುಗುತ್ತೇವೆ.

ಇನ್ನು ಅರ್ಥದ ಮಾತು. ಕನಸೆಂದರೆ ಬಚ್ಚಿಟ್ಟ ಆಸೆ ಎಂದು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಹೇಳಿದ್ದರು. ಆದರೆ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಅದೇ ಭೀಕರ ಕ್ಷಣವನ್ನು ಮತ್ತೆ ಮತ್ತೆ ಕನಸಿನಲ್ಲಿ ಕಾಣುತ್ತಿದ್ದರು. ಅದರಲ್ಲಿ ಯಾವ ಆಸೆ? ಇಂಥ ಕನಸುಗಳು ತಮ್ಮ ಸೂತ್ರಕ್ಕೆ ಹೊಂದುವುದಿಲ್ಲ ಎಂದು 1920ರಲ್ಲಿ ಅವರೇ ಒಪ್ಪಿಕೊಂಡರು. 1977ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವೈದ್ಯರಾದ ಹಾಬ್ಸನ್ ಮತ್ತು ಮೆಕಾರ್ಲಿ ಇನ್ನೊಂದು ತುದಿಗೆ ಹೋದರು. ಮಿದುಳಿನ ಬುಡದಿಂದ ಏಳುವ ಗೊತ್ತುಗುರಿಯಿಲ್ಲದ ಸಂಕೇತಗಳಿಗೆ ಮಿದುಳು ಹೇಗೋ ಒಂದು ಕಥೆ ಕಟ್ಟುತ್ತದೆ, ಅಷ್ಟೇ ಎಂದರು. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಹಲ್ಲು ಬಿದ್ದರೆ ಇದು, ಹಾವು ಕಂಡರೆ ಅದು ಎನ್ನುವ ಪಟ್ಟಿಗಳನ್ನಂತೂ ಬದಿಗಿಡಿ. ಕನಸಿನ ಚಿತ್ರಕ್ಕಿಂತ ಅದರಲ್ಲಿ ಅನುಭವಿಸಿದ ಭಾವನೆಯೇ ಹೆಚ್ಚು ನಂಬಬಹುದಾದ ಸುಳಿವು. ಮುಂದಿನ ತಿಂಗಳು ಅಣ್ಣನಿಗೆ ಆಪರೇಷನ್ ಇದೆ, ದೂರದಲ್ಲಿರುವ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ ಎಂದು ನೀವೇ ಬರೆದಿದ್ದೀರಿ. ದಡದಲ್ಲಿ ನಿಂತವರ ಸಂಕಟವೂ ಅದೇ ತಾನೆ?

ಪತ್ರದಲ್ಲಿ ಸುಮ್ನೆ ಬಂದುಹೋದ ಇನ್ನೊಂದು ಮಾತೂ ಇದೆ. ಈಚೆಗೆ ಹೊಸ ಬಿಪಿ ಮಾತ್ರೆ ಶುರುವಾಗಿದೆ ಎಂದಿದ್ದೀರಿ. ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಎಂಬ ಗುಂಪಿನ ಬಿಪಿ ಮಾತ್ರೆಗಳು ಕೆಲವರಿಗೆ ಕೆಟ್ಟ ಕನಸು ತರುತ್ತವೆ. ಖಿನ್ನತೆಯ ಕೆಲವು ಔಷಧಿಗಳೂ ಅಷ್ಟೇ. ಚೀಟಿಯಲ್ಲಿ ಹೆಸರು ನೋಡಿ ಡಾಕ್ಟರನ್ನು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಅಣ್ಣನಿಗೆ ಕನಸು ಹೇಳಬೇಡಿ, ಭಯ ಹೇಳಿ. ಆಪರೇಷನ್‌ಗೆ ಕಾದಿರುವವನಿಗೆ ‘ನೀನು ಮುಳುಗುವುದನ್ನು ಕಂಡೆ’ ಎನ್ನುವುದರಿಂದ ಯಾರಿಗೂ ಉಪಕಾರವಿಲ್ಲ. ‘ನನಗೆ ತುಂಬಾ ಚಿಂತೆಯಾಗಿದೆ, ಡಾಕ್ಟರ್ ಏನಂದರು?’ ಎಂದು ಕೇಳಬಹುದು.

ಮರುಕಳಿಸುವ ಕನಸಿಗೆ ಒಂದು ಸರಳ ಅಭ್ಯಾಸವಿದೆ. ಹಗಲು ಹೊತ್ತಿನಲ್ಲಿ ಕನಸನ್ನು ಕಾಗದದ ಮೇಲೆ ಬರೆಯಿರಿ. ನಿಮಗೆ ಬೇಕಾದ ಕಡೆ ಕಥೆ ಬದಲಿಸಿ. ನೀರು ಮೊಣಕಾಲುದ್ದ ಇರಲಿ, ಅಥವಾ ಅಣ್ಣ ಈಜಿ ದಡಕ್ಕೆ ಬಂದು ನಿಮ್ಮ ಸೀರೆಯ ಮೇಲೇ ನೀರು ಕೊಡವಲಿ. ತಮಾಷೆಯಾದರೂ ಪರವಾಗಿಲ್ಲ. ಆ ಹೊಸ ಕಥೆಯನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣುಮುಚ್ಚಿ ನೋಡಿ. ಹಳೆಯದನ್ನು ಮೆಲುಕು ಹಾಕಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ದುಃಸ್ವಪ್ನಗಳಿಂದ ನರಳುತ್ತಿದ್ದ ಮಹಿಳೆಯರಿಗೆ ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋವ್ ತಂಡ ಇದನ್ನು ಕಲಿಸಿ, ಕನಸುಗಳು ಕಡಿಮೆಯಾದದ್ದನ್ನು 2001ರಲ್ಲಿ ವರದಿ ಮಾಡಿತ್ತು. ಹಳೆಯ ಆಘಾತವೊಂದು ಕನಸಾಗಿ ಕಾಡುತ್ತಿದ್ದರೆ ಮಾತ್ರ ಒಬ್ಬರೇ ಮಾಡಬೇಡಿ, ಮನೋವೈದ್ಯರ ಜೊತೆ ಮಾಡಿ.

ಈಗ ಯಜಮಾನರ ವಿಷಯ. ಅರವತ್ತು ದಾಟಿದ ಅವರು ನಿದ್ದೆಯಲ್ಲಿ ಕೂಗಿ ಕೈ ಬೀಸುತ್ತಾರೆ, ಒಮ್ಮೆ ನಿಮ್ಮ ಭುಜಕ್ಕೂ ಪೆಟ್ಟು ಬಿತ್ತು, ಎಬ್ಬಿಸಿದರೆ ಕಳ್ಳನನ್ನು ಹೊಡೆಯುತ್ತಿದ್ದೆ ಎಂದರು ಅಂತ ನಗುತ್ತಾ ಬರೆದಿದ್ದೀರಿ. ನಿಮ್ಮ ಕನಸಿಗಿಂತ ನನಗೆ ಚಿಂತೆ ತಂದದ್ದು ಇದು. ಸ್ನಾಯು ಸಡಿಲ ಬಿಡುವ ವ್ಯವಸ್ಥೆ ಕೆಟ್ಟಾಗ ಹೀಗೆ ಕನಸು ಮೈಗಿಳಿಯುತ್ತದೆ. ಕೆಲವರಲ್ಲಿ ಇದು ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಗೆ ವರ್ಷಗಳ ಮುಂಚೆಯೇ ಕಾಣುವ ಲಕ್ಷಣ. ಉಸಿರು ಕಟ್ಟುವ ಗೊರಕೆಯಿಂದಲೂ ಹೀಗೆ ಕಾಣಬಹುದು. ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಮಂಚದ ಪಕ್ಕದ ಗಾಜಿನ ಸಾಮಾನು ತೆಗೆದಿಡಿ, ನೀವು ಬೇರೆ ಹಾಸಿಗೆಯಲ್ಲಿ ಮಲಗಿ. ಡಾಕ್ಟರ ಹತ್ತಿರ ಅವರೊಬ್ಬರನ್ನೇ ಕಳಿಸಬೇಡಿ, ‘ಏನೂ ಇಲ್ಲ, ಚೆನ್ನಾಗಿ ನಿದ್ದೆ ಬರುತ್ತೆ’ ಎಂದು ಹೇಳಿ ಬಂದುಬಿಡುತ್ತಾರೆ. ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ರಾತ್ರಿಯ ವಿಡಿಯೊ ಮಾಡಿಕೊಂಡು ನೀವೂ ಜೊತೆಗೆ ಹೋಗಿ.