ಇಂಗ್ಲಿಷಿನ ‘ಒನ್’ ಅಂದ್ರೆ ಬರೀ ಒಂದೇನಾ?

ಇಂಟರ್‌ವ್ಯೂ ಹತ್ತಿರ ಬಂದಿದೆ, ‘ಒನ್’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅಂತ ಕೇಳಿದ್ದೀರಿ. ನಮ್ಮ ದಾವಣಗೆರೆ ಕಡೆಯವರು ಮೊದಲು ಬಿಡಬೇಕಾದ್ದು ‘ಒನ್ ಟೆನ್ ಮಿನಿಟ್ಸ್’. ‘ಒಂದ್ ಹತ್ತು ನಿಮಿಷ ತಡೀರಿ’ ಅನ್ನುವಾಗಿನ ‘ಒಂದು’ ಲೆಕ್ಕದ್ದಲ್ಲ, ಅಂದಾಜಿನದು. ಇಂಗ್ಲಿಷಿನ ಒನ್ ಆ ಕೆಲಸ ಮಾಡಲ್ಲ. ಅಲ್ಲಿ ‘ಅಬೌಟ್ ಟೆನ್ ಮಿನಿಟ್ಸ್’. ‘ಐ ಹ್ಯಾವ್ ಒನ್ ಡೌಟ್’ ಅಂದರೂ ಎರಡಲ್ಲ, ಒಂದೇ ಅಂತ ಒತ್ತಿ ಹೇಳಿದ ಹಾಗಾಗುತ್ತೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಸಾಕು.

‘ಒನ್ ಆಫ್ ಮೈ ಫ್ರೆಂಡ್’ ತಪ್ಪು. ‘ಗೆಳೆಯರಲ್ಲಿ ಒಬ್ಬ’ ಅನ್ನುವಾಗ ಕನ್ನಡದಲ್ಲೂ ಬಹುವಚನವೇ ಇದೆ, ಇಂಗ್ಲಿಷಿಗೆ ಹೊರಟ ಕೂಡಲೇ ಅದ್ಯಾಕೆ ಉದುರಿ ಹೋಗುತ್ತೋ! ಕ್ರಿಯಾಪದ ಮಾತ್ರ ಏಕವಚನ: ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಇನ್ ಚಿತ್ರದುರ್ಗ’.

ನಾವು ಬರೆಯೋದು ‘ಒನ್’ ಆದರೂ ಉಚ್ಚಾರ ‘ವನ್’. ಶುರುವಿನಲ್ಲಿ ವಕಾರದ ಸದ್ದು ಇರೋದರಿಂದಲೇ ‘ಎ ವನ್‌-ವೇ ರೋಡ್’, ‘ಆ್ಯನ್’ ಅಲ್ಲ.

ಇನ್ನೊಂದು ಒನ್‌ಗೂ ಎಣಿಕೆಗೂ ಸಂಬಂಧವಿಲ್ಲ. ಹೇಳಿದ ಹೆಸರನ್ನೇ ಮತ್ತೆ ಹೇಳೋ ಬದಲು ಅದು ಬರುತ್ತೆ. ಬೆಣ್ಣೆ ದೋಸೆ ಹೋಟೆಲಲ್ಲಿ ‘ಖಾಲಿ ದೋಸೆನಾ, ಓಪನ್ ದೋಸೆನಾ?’ ಅಂತ ಇಂಗ್ಲಿಷಲ್ಲಿ ಕೇಳಿದರೆ ಉತ್ತರ ‘ದಿ ಓಪನ್ ಒನ್’. ಎರಡು ಬೇಕಾದರೆ ‘ಟು ಓಪನ್ ಒನ್ಸ್’. ಎಣಿಸೋಕೆ ಬರುವ ವಸ್ತುವಿಗೆ ಮಾತ್ರ ಇದು. ನೀರು, ಅಕ್ಕಿ, ಬೆಣ್ಣೆಗೆ ಹಾಕಬೇಡಿ. ಬಿಸಿನೀರೋ ತಣ್ಣೀರೋ ಅಂತ ಕೇಳಿದರೆ ‘ಕೋಲ್ಡ್, ಪ್ಲೀಸ್’ ಅನ್ನಿ. ‘ಎ ಕೋಲ್ಡ್ ಒನ್’ ಅಂದರೆ ಕೂಲ್ ಬಿಯರ್! ಇಂಟರ್‌ವ್ಯೂ ರೂಮಲ್ಲಂತೂ ಬೇಡ.

ನುಡಿಗಟ್ಟುಗಳ ಗುಟ್ಟೂ ಇಲ್ಲೇ ಇದೆ: ಹೇಳದೆ ಬಿಟ್ಟ ಹೆಸರನ್ನು ಕೇಳುವವರೇ ತುಂಬಿಕೊಳ್ಳಬೇಕು. ‘ಲಿಟಲ್ ಒನ್ಸ್’ ಅಂದರೆ ಮಕ್ಕಳು. ‘ಪುಲ್ ಎ ಫಾಸ್ಟ್ ಒನ್’ ಅಂದರೆ ಟೋಪಿ ಹಾಕೋದು. ‘ಹಿ ಹ್ಯಾಡ್ ಒನ್ ಟೂ ಮೆನಿ’ ಅಂದರೆ ಅವನಿಗೆ ಸ್ವಲ್ಪ ಜಾಸ್ತಿನೇ ಏರಿದೆ.

ಇಂಟರ್‌ವ್ಯೂಗೆ ಉಪಯೋಗಕ್ಕೆ ಬರೋವು ಬೇರೆ. ‘ಐ, ಫಾರ್ ಒನ್’ ಅಂದರೆ ನಮ್ಮ ‘ನಾನಂತೂ’. ‘ಒನ್‌-ಆಫ್’ (one-off) ಅಂದರೆ ಒಂದೇ ಸಲದ್ದು, ಮತ್ತೆ ಆಗಲ್ಲ. ‘ಬ್ಯಾಕ್ ಟು ಸ್ಕ್ವೇರ್ ಒನ್’ ಅಂದರೆ ಮಾಡಿದ್ದೆಲ್ಲ ಹೋಗಿ ಮೊದಲಿಂದ ಶುರು. ಹೆಚ್ಚು ಜನ ಎಡವೋದು ಕೊನೆಯ ಜೋಡಿಯಲ್ಲಿ. ‘ಒನ್ ಆಫ್ ದೀಸ್ ಡೇಸ್’ ಅಂದರೆ ‘ಇವತ್ತಲ್ಲ ನಾಳೆ’. ‘ಒನ್ ಆಫ್ ದೋಸ್ ಡೇಸ್’ ಅಂದರೆ ‘ಇವತ್ತು ಎದ್ದ ಗಳಿಗೆನೇ ಸರಿಯಿಲ್ಲ’. ‘ಯಾವಾಗ ಜಾಯಿನ್ ಆಗ್ತೀರಿ?’ ಅಂದಾಗ ಎರಡೂ ಬೇಡ, ತಾರೀಕು ಹೇಳಿ.