ಮೈಕು, ಮದುವೆ, ಕಪ್ಪು ದ್ರವ್ಯ: ಈ ತಿಂಗಳ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಂಘದಿಂದ ಪ್ರತಿ ವರ್ಷ ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ ಮಾಡುತ್ತೇವೆ. ಈ ಸಲ ವೇದಿಕೆಯಲ್ಲಿ ಐದು ಜನ ಇದ್ದರು. ಐವರೂ ಜಾತಿಪದ್ಧತಿ ವಿರುದ್ಧ ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಒಬ್ಬ ಹುಡುಗ ಎದ್ದು ‘ಮೇಲೆ ಕೂತವರಲ್ಲಿ ದಲಿತರು ಒಬ್ಬರೂ ಇಲ್ಲವಲ್ಲ ಸರ್’ ಎಂದ. ಅಧ್ಯಕ್ಷರು ‘ಇಲ್ಲಿ ಯಾರೂ ಜಾತಿ ನೋಡಲ್ಲಪ್ಪ, ಕೂತ್ಕೊ’ ಅಂದುಬಿಟ್ಟರು. ಮುಂದಿನ ವರ್ಷ ಹೀಗಾಗಬಾರದು. ಏನು ಮಾಡಬೇಕು?
– ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಐದು ಜನರನ್ನು ಕೂರಿಸಿದ್ದಕ್ಕಿಂತ ಆ ಹುಡುಗನನ್ನು ಕೂರಿಸಿದ್ದೇ ದೊಡ್ಡ ತಪ್ಪು. ಇದು ಒಳ್ಳೆಯ ಮನಸ್ಸಿನವರೇ ಮಾಡುವ ತಪ್ಪು ಎನ್ನುವುದಕ್ಕೆ ಅಂಬೇಡ್ಕರ್ ಬದುಕಿನಲ್ಲೇ ಸಾಕ್ಷಿ ಇದೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ತಮ್ಮ ವಾರ್ಷಿಕ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆದರು. ಇವರೂ ಜಾತಿ ಒಡೆಯಬೇಕೆಂದೇ ಸಂಘ ಕಟ್ಟಿದ್ದ ಸುಧಾರಕರು. ಭಾಷಣದ ಪ್ರತಿ ಮೊದಲೇ ತರಿಸಿಕೊಂಡು ಓದಿದರು, ಕೆಲವು ಭಾಗ ತೆಗೆಯಿರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂದರು ಅಂಬೇಡ್ಕರ್. ಸಮ್ಮೇಳನವೇ ರದ್ದಾಯಿತು. ಅವರು ಸ್ವಂತ ಖರ್ಚಿನಲ್ಲಿ ಆ ಭಾಷಣವನ್ನು 1500 ಪ್ರತಿ ಅಚ್ಚು ಹಾಕಿಸಿದರು. ಕರೆಯುವುದು ನಿಮ್ಮ ಕೆಲಸ, ಏನು ಹೇಳಬೇಕೆಂಬುದು ಅವರ ಕೆಲಸ. ಈ ಗೆರೆ ತಪ್ಪಿದರೆ ಯಾರನ್ನು ಕರೆದೂ ಪ್ರಯೋಜನವಿಲ್ಲ.

ಇನ್ನು ಏರ್ಪಾಟಿನ ಮಾತು. ಫೆಬ್ರವರಿ ಕೊನೆಯೊಳಗೆ ಕರೆಯಿರಿ. ಏಪ್ರಿಲ್‌ನಲ್ಲಿ ಒಳ್ಳೆಯ ಮಾತುಗಾರರಿಗೆ ದಿನಕ್ಕೆ ಮೂರು ಕಡೆ ಕರೆ ಇರುತ್ತದೆ. ವಾರದ ಮುಂಚೆ ಫೋನ್ ಮಾಡಿದರೆ ‘ಸಿಗಲಿಲ್ಲ’ ಎಂಬ ನೆಪ ತಾನೇ ಸಿದ್ಧವಾಗುತ್ತದೆ. ಮೊದಲ ಫೋನಿನಲ್ಲೇ ‘ನಿಮ್ಮ ಅನುಭವ ಹತ್ತು ನಿಮಿಷ ಹೇಳಿ’ ಅನ್ನಬೇಡಿ. ಯಾವ ವಿಷಯ ಮಾತಾಡುತ್ತೀರಿ ಎಂದು ಕೇಳಿ. ದಲಿತರು ಬಂದರೆ ನೋವಿನ ಕಥೆ, ಉಳಿದವರು ಬಂದರೆ ಸಂವಿಧಾನದ ವಿಶ್ಲೇಷಣೆ ಎಂಬ ಹಂಚಿಕೆ ನಮ್ಮ ಸಭೆಗಳಲ್ಲಿ ಅಂಟುಜಾಡ್ಯದಂತೆ ಇದೆ. ಬಂದವರು 2013ರ ಪರಿಶಿಷ್ಟ ಜಾತಿ ಉಪಯೋಜನೆ ಕಾಯ್ದೆಯ ಹಣ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಬಿಡಿಸಲಿ, ಇಲ್ಲವೇ ಸಿನಿಮಾ ಬಗ್ಗೆ ಮಾತಾಡಲಿ.

ಕನಿಷ್ಠ ಇಬ್ಬರನ್ನು ಕರೆಯಿರಿ. ಒಬ್ಬರೇ ಆದರೆ ‘ದಲಿತರ ಪರವಾಗಿ’ ಎಂಬ ಹೊರೆ ಅವರ ತಲೆಗೆ ಬೀಳುತ್ತದೆ. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. ಮೀಸಲಾತಿಯ ಪಾಲನ್ನು ಈ ಜಾತಿಗಳ ಒಳಗೇ ಹಂಚುವ ಒಳಮೀಸಲಾತಿಗಾಗಿ 2005ರಲ್ಲಿ ಸದಾಶಿವ ಆಯೋಗ ರಚನೆಯಾಯಿತು. ಒಳವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಆಗಸ್ಟ್ 1ರಂದು. ಇಷ್ಟು ವರ್ಷದ ಜಗ್ಗಾಟದಲ್ಲಿ ಎಲ್ಲರದೂ ಒಂದೇ ಅಭಿಪ್ರಾಯ ಇರಲಿಲ್ಲ, ಇರಬೇಕಾಗಿಯೂ ಇಲ್ಲ.

ಹೊತ್ತಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. 90 ನಿಮಿಷದ ಕಾರ್ಯಕ್ರಮವಾದರೆ ಸ್ವಾಗತಕ್ಕೆ 5, ಇಬ್ಬರು ಮುಖ್ಯ ಮಾತುಗಾರರಿಗೆ ತಲಾ 25, ಪ್ರಶ್ನೋತ್ತರಕ್ಕೆ 30, ವಂದನೆಗೆ 5. ಮುಖ್ಯ ಮಾತು ಸ್ವಾಗತದ ಬೆನ್ನಿಗೇ ಬರಲಿ. ಕೊನೆಗೆ ಇಟ್ಟರೆ ಮುಂಚಿನವರೆಲ್ಲ ಎಳೆದು ಎಳೆದು ಇವರಿಗೆ ಏಳು ನಿಮಿಷ ಉಳಿಯುತ್ತದೆ, ಅಷ್ಟರಲ್ಲಿ ಹಿಂದೆ ಊಟದ ಪಾತ್ರೆ ಸದ್ದು ಶುರುವಾಗಿರುತ್ತದೆ. ಅಧ್ಯಕ್ಷ ಭಾಷಣ ತೆಗೆದುಬಿಡಿ. ‘ಅವರು ಹೇಳಿದ್ದರ ಸಾರಾಂಶ ಏನಪ್ಪ ಅಂದರೆ’ ಎಂದು ಅಧ್ಯಕ್ಷರು ಶುರುಮಾಡಿದರೆ, ಖಾರವಾದದ್ದೆಲ್ಲ ಅಲ್ಲೇ ಸಪ್ಪೆಯಾಗುತ್ತದೆ. ಗೌರವಧನ ಎಲ್ಲರಿಗೂ ಒಂದೇ ಇರಲಿ, ಮೊತ್ತವನ್ನು ಆಹ್ವಾನದಲ್ಲೇ ತಿಳಿಸಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ‘ಮೀಸಲಾತಿ ಇನ್ನೆಷ್ಟು ವರ್ಷ’ ಎಂಬ ಚೀಟಿ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹೇಳುವ ಹೊಣೆಯನ್ನು ಅತಿಥಿಗೆ ದಾಟಿಸದೆ ನಿರೂಪಕರೇ ಓದಿಕೊಂಡು ಬಂದಿರಲಿ.

ಕೆಲಸದವರನ್ನು ಕರೆದು ಶಾಲು ಹೊದಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದಕ್ಕೂ ಮೊದಲು ಒಂದು ಕಡತ ತೆಗೆದು ನೋಡಿ: ನಿಮ್ಮ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಗುಂಡಿಗೆ, ಒಳಚರಂಡಿ ಮ್ಯಾನ್‌ಹೋಲ್‌ಗೆ ಇಳಿಯುವವರು ಯಾರು? ಸುರಕ್ಷಾ ಸಾಧನವಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕ್ ಒಳಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ. ಇಳಿದವರು ಸತ್ತರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಗುತ್ತಿಗೆದಾರರನ್ನು ಮುಂದೆ ಮಾಡಿ ಸಂಘ ಕೈತೊಳೆದುಕೊಳ್ಳಲು ಬರುವುದಿಲ್ಲ. ನಿಮ್ಮ ಅತಿಥಿ ಮೈಕಿನಲ್ಲಿ ಇದನ್ನೇ ಕೇಳಿದರೆ ಅಧ್ಯಕ್ಷರ ಬಳಿ ಉತ್ತರ ಇರಬೇಕು.

ಪ್ರಶ್ನೆ: ದಲಿತರ ವಿಷಯ ದಲಿತರೇ ಮಾತಾಡಲಿ ಅಂದರೆ ನಾವೆಲ್ಲ ಬಾಯಿ ಮುಚ್ಚಿಕೊಂಡಿರಬೇಕೇ?
– ಶಾಲಾ ಶಿಕ್ಷಕ, ಶಿವಮೊಗ್ಗ

ಉತ್ತರ: ಇಲ್ಲ. ಅವರು ಇಲ್ಲದ ಕಡೆ ಮಾತಾಡಿ. ನೆಂಟರ ವಾಟ್ಸ್‌ಆ್ಯಪ್ ಗುಂಪು, ಮನೆ ಬಾಡಿಗೆಗೆ ಕೊಡುವಾಗಿನ ‘ನಿಮ್ಮದು ಯಾವ ಕಡೆ’ ಎಂಬ ವಿಚಾರಣೆ, ಶಾಲೆಯ ಸ್ಟಾಫ್ ರೂಮು. ಅಲ್ಲಿ ಎಷ್ಟು ಮಾತಾಡಿದರೂ ಕಡಿಮೆಯೇ. ಅವರೇ ಎದುರಿಗಿದ್ದು ಮಾತಾಡುತ್ತಿರುವಾಗ ಮಾತ್ರ ನಡುವೆ ಬಾಯಿ ಹಾಕಬೇಡಿ.

ಬಾಯಿ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ 1973ರ ನವೆಂಬರ್ ನೆನಪಿಸಿಕೊಳ್ಳಿ. ಮೈಸೂರಿನಲ್ಲಿ ದಲಿತ ನಾಯಕ, ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಈ ಬರಹದಲ್ಲಿ ನಮ್ಮ ಬದುಕು ಎಲ್ಲಿದೆ ಎಂಬುದು ಆ ಮಾತಿನ ಒಳಗಿದ್ದ ಪ್ರಶ್ನೆ. ಅದನ್ನು ಬಿಟ್ಟು ಕನ್ನಡದ ಅಭಿಮಾನದ ಗದ್ದಲವೇ ಎದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಟ್ಟರು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಅದರ ಬೆನ್ನಿಗೇ. ಆ ಪ್ರಶ್ನೆಗೆ ಉತ್ತರವನ್ನೂ ಮುಂದೆ ದಲಿತ ಬರಹಗಾರರೇ ಬರೆಯಬೇಕಾಯಿತು.

ಪ್ರಶ್ನೆ: ನನಗೆ 26 ವರ್ಷ, ಪರಿಶಿಷ್ಟ ಜಾತಿಯವಳು. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಲಿಂಗಾಯತರ ಹುಡುಗನ ಜೊತೆ ಓಡಾಟ ಶುರುವಾಗಿ ವರ್ಷವಾಯಿತು. ಪ್ರೊಫೈಲ್‌ನಲ್ಲಿ ‘ಜಾತಿ ನಂಬಲ್ಲ’ ಅಂತ ಬರೆದಿದ್ದಾನೆ. ಮನೇಲಿ ಹೇಳು ಅಂದರೆ ‘ತಂಗಿ ಮದುವೆ ಆಗಲಿ’ ಅನ್ನುತ್ತಾನೆ. ನಂಬಬಹುದಾ? ಇಬ್ಬರೂ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮದುವೆ ಎಂದಾದರೆ ಕಾನೂನಿನ ದಾರಿ ಯಾವುದು?
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ ಮದುವೆ ಸುಳ್ಳು ನೆಪವೇ ಆಗಬೇಕೆಂದಿಲ್ಲ. ಅಣ್ಣನ ಅಂತರ್ಜಾತಿ ಮದುವೆಯಿಂದ ತಂಗಿಯ ಸಂಬಂಧ ಮುರಿದುಬಿದ್ದ ಮನೆಗಳಿವೆ. ಆದರೆ ನಿಜವಾದ ಕಾರಣಕ್ಕೆ ತಿಂಗಳು, ತಾರೀಖು ಇರುತ್ತದೆ. ಆ ಮದುವೆ ಯಾವಾಗ, ಆಮೇಲೆ ಮನೆಯಲ್ಲಿ ಮೊದಲು ಯಾರಿಗೆ ಹೇಳುತ್ತೀಯ, ಅವರು ಒಲ್ಲೆ ಅಂದರೆ ನಿನ್ನ ಮುಂದಿನ ಹೆಜ್ಜೆ ಯಾವುದು ಎಂದು ಕೇಳಿ. ಅಲ್ಲಿಯವರೆಗೆ ಅವನಿಂದ ಆಗುವ ಕೆಲಸವೂ ಇದೆ: ಆಪ್ತ ಗೆಳೆಯರಿಗೆ, ಒಬ್ಬ ಕಸಿನ್‌ಗೆ ನಿಮ್ಮ ಜಾತಿಯನ್ನೂ ಸೇರಿಸಿ ನಿಮ್ಮ ಪರಿಚಯ ಮಾಡಿಸುವುದು. ನಿಮ್ಮನ್ನು ಎಲ್ಲರಿಗೂ ‘ಕೊಲೀಗ್’ ಎನ್ನುತ್ತಿದ್ದರೆ, ಜಾತಿ ಹೇಳಬೇಡ ಎಂದು ನಿಮಗೇ ತಾಕೀತು ಮಾಡುತ್ತಿದ್ದರೆ, ಪ್ರೊಫೈಲಿನ ಸಾಲಿಗೆ ಬೆಲೆ ಇಲ್ಲ. ಲಿಂಗಾಯತರ ಮನೆಯಲ್ಲಿ ಬಸವಣ್ಣನ ಕಾಲದ ಶರಣರಾದ ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಬೀಗತನದ ಕಥೆ ಗೊತ್ತಿಲ್ಲದವರು ಕಡಿಮೆ. ಬಸವ ಜಯಂತಿಯ ದಿನ ಅದನ್ನು ಹೇಳಿ, ಮಾರನೇ ದಿನ ಉಪಪಂಗಡ ಕೇಳುವವರೂ ಕಡಿಮೆಯೇನಿಲ್ಲ.

ಕಾನೂನಿನಲ್ಲಿ ನಿಮಗೆ ಎರಡು ದಾರಿ. 1955ರ ಹಿಂದೂ ವಿವಾಹ ಕಾಯ್ದೆ ತನ್ನ ವ್ಯಾಪ್ತಿಯಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಹೇಳುತ್ತದೆ. ಬೌದ್ಧ, ಜೈನ, ಸಿಖ್ಖರಿಗೂ ಅದು ಅನ್ವಯ. ಹಾಗಾಗಿ ನಿಮ್ಮಿಬ್ಬರಲ್ಲಿ ಯಾರದಾದರೂ ಸಂಪ್ರದಾಯದಂತೆ ಶಾಸ್ತ್ರ ಮುಗಿಸಿ, ಬಳಿಕ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಇದರಲ್ಲಿ ಮುಂಗಡ ನೋಟಿಸ್ ಇಲ್ಲ. ಆದರೆ ಶಾಸ್ತ್ರ ನಡೆದೇ ಇರಬೇಕು, ಬರೀ ಸರ್ಟಿಫಿಕೇಟ್‌ನಿಂದ ಮದುವೆ ಆಗುವುದಿಲ್ಲ. ಫೋಟೊ, ಆಹ್ವಾನ ಪತ್ರ, ಶಾಸ್ತ್ರ ಮಾಡಿಸಿದವರ ಹೆಸರು ಜೋಪಾನವಾಗಿಡಿ.

ಎರಡನೆಯದು 1954ರ ವಿಶೇಷ ವಿವಾಹ ಕಾಯ್ದೆ. ಧರ್ಮ ಬೇರೆ ಇದ್ದವರಿಗೆ, ಶಾಸ್ತ್ರವೇ ಬೇಡ ಅನ್ನುವವರಿಗೆ ಇದು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಹಿಂದಿನ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ ಅದನ್ನು ಕಚೇರಿಯ ಬೋರ್ಡಿಗೆ ಹಾಕುತ್ತಾರೆ, 30 ದಿನ ಆಕ್ಷೇಪಣೆಗೆ ಅವಕಾಶ. ಆಕ್ಷೇಪಣೆ ನಿಲ್ಲುವುದು ನಾಲ್ಕೇ ಕಾರಣಕ್ಕೆ: ಮೊದಲ ಗಂಡ ಅಥವಾ ಹೆಂಡತಿ ಇದ್ದರೆ, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇಲ್ಲದಿದ್ದರೆ, ವಯಸ್ಸು ಸಾಲದಿದ್ದರೆ, ನಿಷಿದ್ಧ ರಕ್ತಸಂಬಂಧವಿದ್ದರೆ. ಅಪ್ಪ ಅಮ್ಮನಿಗೆ ಇಷ್ಟವಿಲ್ಲ ಎಂಬುದು ಕಾರಣವೇ ಅಲ್ಲ. ಆಮೇಲೆ ಮೂವರು ಸಾಕ್ಷಿಗಳ ಎದುರು ಘೋಷಣೆಗೆ ಸಹಿ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಯದಿದ್ದರೆ ಮತ್ತೆ ಮೊದಲಿನಿಂದ ಶುರು.

ಎಡವಟ್ಟಾಗುವುದು ಈ ನೋಟಿಸಿನಲ್ಲೇ. ಬೋರ್ಡಿನ ಫೋಟೊ ತೆಗೆದು ಊರಿಗೆ ಕಳಿಸುವವರಿರುತ್ತಾರೆ. ಜೊತೆಗೆ, ನಿಮ್ಮ ಕಾಯಂ ವಾಸ ಬೇರೆ ಜಿಲ್ಲೆಯಾದರೆ ನೋಟಿಸಿನ ಪ್ರತಿ ಅಲ್ಲಿನ ವಿವಾಹ ಅಧಿಕಾರಿಗೂ ಹೋಗಿ ಅಲ್ಲಿಯ ಬೋರ್ಡಿಗೂ ಬೀಳಬೇಕು ಎನ್ನುತ್ತದೆ ಕಾಯ್ದೆಯ 6ನೇ ಕಲಮು. ಬೆಂಗಳೂರಿನಲ್ಲಿ ಮಾಡಿದರೆ ಊರಿಗೆ ತಿಳಿಯುವುದಿಲ್ಲ ಎಂದು ನೆಚ್ಚಿಕೊಳ್ಳಬೇಡಿ. ಊರಿನಿಂದ ಅಪಾಯ ಇರುವವರಿಗೆ, ಇಬ್ಬರೂ ಹಿಂದೂ ಕಾಯ್ದೆಯ ವ್ಯಾಪ್ತಿಗೆ ಬರುವುದಾದರೆ, ಮೊದಲ ದಾರಿಯೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರದ ಮೂಲ ಪ್ರತಿಗಳನ್ನು ಈಗಲೇ ಊರಿನ ಬೀರುವಿನಿಂದ ತಂದಿಟ್ಟುಕೊಳ್ಳಿ. ಬೆದರಿಕೆ ಬಂದರೆ 112, ಜೊತೆಗೆ ಪೊಲೀಸ್ ಕಮಿಷನರ್ ಅಥವಾ ಎಸ್‌ಪಿಗೆ ಲಿಖಿತ ದೂರು, ಸ್ವೀಕೃತಿ ಸಮೇತ. ಇಂಥ ಜೋಡಿಗಳಿಗೆ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ, ಸಹಾಯವಾಣಿ ಇರಬೇಕು, ಸುರಕ್ಷಿತ ಮನೆ ಒದಗಿಸುವುದನ್ನೂ ಸರ್ಕಾರಗಳು ನೋಡಬೇಕು ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲೇ ನಿರ್ದೇಶಿಸಿದೆ. ದೂರಿನಲ್ಲಿ ಆ ತೀರ್ಪನ್ನು ಉಲ್ಲೇಖಿಸಿ. ಮನೆಯವರು ‘ಕಾಣೆಯಾಗಿದ್ದಾಳೆ’ ಎಂದು ದೂರು ಕೊಟ್ಟರೆ ಅಡಗಿ ಕೂರಬೇಡಿ, ವಕೀಲರ ಜೊತೆ ನಿಮ್ಮ ಹತ್ತಿರದ ಠಾಣೆಗೆ ಹೋಗಿ ಸ್ವಇಚ್ಛೆಯ ಹೇಳಿಕೆ ಕೊಡಿ. ಬೆಳಗಾವಿ ಜಿಲ್ಲೆಯ ಇಂಥದೇ ಪ್ರಕರಣದಲ್ಲಿ, ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ ಒಪ್ಪಿಗೆ ಬೇಕಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ: ವಿಶ್ವದಲ್ಲಿ ಬಹುಪಾಲು ‘ಡಾರ್ಕ್ ಮ್ಯಾಟರ್’ ಅಂತಾರೆ. ಕಾಣದ್ದನ್ನು ಇದೆ ಎಂದು ಹೇಗೆ ಹೇಳುತ್ತಾರೆ? ಮನೆಯಿಂದಲೇ ಇದಕ್ಕೆ ಸಂಬಂಧಿಸಿದ್ದು ಏನಾದರೂ ನೋಡಬಹುದೇ?
– ಪಿಯುಸಿ ವಿದ್ಯಾರ್ಥಿನಿ, ಕೋಲಾರ

ಉತ್ತರ: ಮೊದಲು ಲೆಕ್ಕ ಸರಿಮಾಡೋಣ. ವಿಶ್ವದ ಒಟ್ಟು ಗಂಟಿನಲ್ಲಿ ನಾವು ಬಲ್ಲ ಸಾಮಾನ್ಯ ದ್ರವ್ಯ ಸುಮಾರು ಶೇ 5, ಕಪ್ಪು ದ್ರವ್ಯ (ಡಾರ್ಕ್ ಮ್ಯಾಟರ್) ಶೇ 27, ಉಳಿದ ಶೇ 68 ಕಪ್ಪು ಶಕ್ತಿ. ದ್ರವ್ಯದಲ್ಲಿ ಬಹುಪಾಲು ಕಪ್ಪು ಎಂದರೆ ಸರಿಯಾಗುತ್ತದೆ.

ನಂಬಿಕೆಯ ಬುಡ ಇರುವುದು ವೇಗದಲ್ಲಿ. ಭೂಮಿ ಸೂರ್ಯನನ್ನು ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ನೆಪ್ಚೂನ್ 30 ಪಟ್ಟು ದೂರ. ದೂರದ ವರ್ಗಮೂಲದಷ್ಟು ಪಟ್ಟು ವೇಗ ತಗ್ಗಬೇಕು. 30ರ ವರ್ಗಮೂಲ ಸುಮಾರು 5.5, ನೆಪ್ಚೂನ್ ವೇಗ 5.4 ಕಿ.ಮೀ. ಲೆಕ್ಕ ತಾಳೆಯಾಯಿತು. ಗೆಲಾಕ್ಸಿಯ ಬೆಳಕೂ ನಡುಭಾಗದಲ್ಲೇ ಹೆಚ್ಚು ಗುಂಪಾಗಿರುವುದರಿಂದ ಅಂಚಿನಲ್ಲಿ ವೇಗ ಹೀಗೇ ತಗ್ಗಬೇಕಿತ್ತು.

ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ 67 ಹೊಳೆಯುವ ಅನಿಲ ಪ್ರದೇಶಗಳ ವೇಗ ಅಳೆದು 1970ರಲ್ಲಿ ಪ್ರಕಟಿಸಿದರು. ಬೆಳಕಿನ ವರ್ಣಪಟಲದ ರೇಖೆ ಎಷ್ಟು ಸರಿದಿದೆ ಎಂಬುದರಿಂದ ಈ ವೇಗ ತಿಳಿಯುತ್ತದೆ. ಜಲಜನಕದ ಕೆಂಪು ರೇಖೆ 656.3 ನ್ಯಾನೊಮೀಟರ್‌ನಲ್ಲಿರುತ್ತದೆ. ಬೆಳಕಿನ ಮೂಲ ಸೆಕೆಂಡಿಗೆ 225 ಕಿ.ಮೀ. ವೇಗದಲ್ಲಿ ಚಲಿಸಿದರೆ ಆ ರೇಖೆ ಅರ್ಧ ನ್ಯಾನೊಮೀಟರ್‌ನಷ್ಟೇ ಸರಿಯುತ್ತದೆ. ಮೇಲಾಗಿ ಇಡೀ ಆಂಡ್ರೊಮಿಡಾ ನಮ್ಮತ್ತ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ಬರುತ್ತಿದೆ. ಅದನ್ನು ಕಳೆಯದಿದ್ದರೆ ಲೆಕ್ಕವೇ ತಲೆಕೆಳಗು. ಎಲ್ಲ ಕಳೆದ ಮೇಲೂ ಕೇಂದ್ರದಿಂದ 78 ಸಾವಿರ ಜ್ಯೋತಿರ್ವರ್ಷದಷ್ಟು ಆಚೆ ವೇಗ 200 ಕಿ.ಮೀ.ಗಿಂತ ಮೇಲೇ ಇತ್ತು. ಮುಂದಿನ ಹತ್ತು ವರ್ಷದಲ್ಲಿ ಬೇರೆ ಗೆಲಾಕ್ಸಿಗಳಲ್ಲೂ ಇದೇ ಕಥೆ. ಕಾಣುವ ನಕ್ಷತ್ರಗಳ ಗುರುತ್ವ ಆ ವೇಗವನ್ನು ಹಿಡಿದಿಡಲು ಸಾಲದು, ಹಾಗಾಗಿ ಕಾಣದ ದ್ರವ್ಯವೂ ಅಲ್ಲಿರಬೇಕು ಎನ್ನುತ್ತಾರೆ. 1933ರಲ್ಲೇ ಫ್ರಿಟ್ಸ್ ಜ್ವಿಕಿ ಗೆಲಾಕ್ಸಿಗಳ ಗುಚ್ಛವೊಂದರಲ್ಲಿ ಇಂಥದೇ ಕೊರತೆ ಕಂಡಿದ್ದರು, ಯಾರೂ ಹೆಚ್ಚು ಕಿವಿಗೊಡಲಿಲ್ಲ. ರೂಬಿನ್‌ಗೂ ಹಾದಿ ಸಲೀಸಾಗಿರಲಿಲ್ಲ. ಪಾಲೋಮಾರ್ ವೀಕ್ಷಣಾಲಯ ಮಹಿಳೆಯೊಬ್ಬರಿಗೆ ಅಧಿಕೃತವಾಗಿ ದೂರದರ್ಶಕದ ಸಮಯ ಕೊಟ್ಟಿದ್ದೇ 1965ರಲ್ಲಿ, ಅವರಿಗೆ.

ಕಪ್ಪು ದ್ರವ್ಯವೇ ಇಲ್ಲ, ಗುರುತ್ವದ ನಿಯಮವನ್ನೇ ತಿದ್ದಬೇಕು ಎಂಬ ವಾದವೂ ಇದೆ. ಅದನ್ನು 1983ರಲ್ಲಿ ಮುಂದಿಟ್ಟವರು ಮಿಲ್ಗ್ರಾಮ್. ಒಂಟಿ ಗೆಲಾಕ್ಸಿಗಳ ವೇಗಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಗೆಲಾಕ್ಸಿ ಗುಚ್ಛಗಳ ಹತ್ತಿರ ಬಂದಾಗ ಎಡವುತ್ತದೆ.

ಕಪ್ಪು ದ್ರವ್ಯದ ಕಣವನ್ನು ನೇರವಾಗಿ ಹಿಡಿಯುವ ಪ್ರಯತ್ನಗಳು ನೆಲದಾಳದಲ್ಲಿ ನಡೆಯುತ್ತವೆ, ಏಕೆಂದರೆ ಮೇಲೆ ವಿಶ್ವಕಿರಣಗಳ ಗಲಾಟೆ ವಿಪರೀತ. ಅಮೆರಿಕದ ದಕ್ಷಿಣ ಡಕೋಟದ ಹಳೆಯ ಚಿನ್ನದ ಗಣಿಯಲ್ಲಿ ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ 10 ಟನ್ ದ್ರವ ಕ್ಸೆನಾನ್ ತುಂಬಿ ಕಾಯುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಕೋಲಾರದವರಿಗೆ ಈ ಉಪಾಯ ಹೊಸದಲ್ಲ. 1965ರಲ್ಲಿ ನಿಮ್ಮ ಕೆಜಿಎಫ್ ಗಣಿಯ 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ ವಿಜ್ಞಾನಿಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ, ಸುಲಭಕ್ಕೆ ಸಿಗದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಗುರುತು ಹಿಡಿದರು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿದ್ದ ತಂಡವೂ ಅದೇ ವರ್ಷ ಹಿಡಿಯಿತು. ಅಷ್ಟು ಆಳಕ್ಕೆ ಬಂಡೆ ಕೊರೆದವರು ಬಹುಪಾಲು ತಮಿಳು ಮಾತಾಡುವ ದಲಿತ ಕಾರ್ಮಿಕರು. ಈ ಸಾಧನೆ ಹೇಳುವಾಗ ಅವರ ಸುದ್ದಿ ಬರುವುದೇ ಅಪರೂಪ. ನಿಮ್ಮೂರಿನಲ್ಲಿ ಹಳೆಯ ಗಣಿ ಕಾರ್ಮಿಕರಿದ್ದರೆ ಮಾತಾಡಿಸಿ.

ನೋಡುವುದಕ್ಕೆ ಆಂಡ್ರೊಮಿಡಾನೇ ಇದೆ. ನವೆಂಬರ್ ಮಧ್ಯದಲ್ಲಿ, ಅಮಾವಾಸ್ಯೆಯ ಆಸುಪಾಸು, ರಾತ್ರಿ 9ಕ್ಕೆ ಬೀದಿದೀಪವಿಲ್ಲದ ಕಡೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಪೂರ್ವಾಭಾದ್ರ, ಉತ್ತರಾಭಾದ್ರದ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ನೆತ್ತಿಯ ಹತ್ತಿರ ಇರುತ್ತದೆ. ಅದರ ಈಶಾನ್ಯ ಮೂಲೆಯ ನಕ್ಷತ್ರದಿಂದ ಈಶಾನ್ಯಕ್ಕೇ ಸಾಗಿದರೆ ಮೊದಲು ಒಂದು ಮಂಕು ನಕ್ಷತ್ರ, ಆಮೇಲೆ ಹೊಳೆಯುವ ಮಿರಾಕ್. ಮಿರಾಕ್‌ನಿಂದ ಎಡಕ್ಕೆ ಓರೆಯಾಗಿ ಕೆಳಗಿಳಿಯಿರಿ, ಎರಡು ಸಣ್ಣ ನಕ್ಷತ್ರ ದಾಟಿ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲಕ್ಕಿಂತ ಸ್ವಲ್ಪ ಕಡಿಮೆ ದೂರದಲ್ಲಿ ಒರೆಸಿದಂಥ ಒಂದು ಬಿಳಿ ಮಚ್ಚೆ. 25 ಲಕ್ಷ ಜ್ಯೋತಿರ್ವರ್ಷದಾಚೆಯ ಬೆಳಕು ಅದು. ಕತ್ತಲಿಗೆ ಕಣ್ಣು ಹೊಂದಲು 20 ನಿಮಿಷ ಬೇಕು, ನಡುವೆ ಮೊಬೈಲ್ ತೆಗೆದರೆ ಮತ್ತೆ ಮೊದಲಿನಿಂದ. ನೇರ ದಿಟ್ಟಿಸುವುದಕ್ಕಿಂತ ಕೊಂಚ ಪಕ್ಕಕ್ಕೆ ನೋಡಿದರೆ ಮಚ್ಚೆ ಚೆನ್ನಾಗಿ ಕಾಣುತ್ತದೆ. ಇದಕ್ಕೆಂದು ಅಗ್ಗದ ಆಟಿಕೆ ಟೆಲಿಸ್ಕೋಪ್ ಕೊಳ್ಳಬೇಡಿ. ಅದರ ಸ್ಟ್ಯಾಂಡ್ ಅಲುಗಾಡಿ ಏನೂ ನಿಲ್ಲುವುದಿಲ್ಲ. 7×50 ಅಥವಾ 10×50 ಬೈನಾಕ್ಯುಲರ್ ಸಾಕು, ಮೊಣಕೈಗಳನ್ನು ಗೋಡೆಗೋ ಕಾಂಪೌಂಡಿಗೋ ಊರಿಕೊಂಡು ಹಿಡಿಯಿರಿ.